ಹೆಂಡ್ರಿಕ್ ಸಾಯ್ಬರಿಗಾಗಿ ಕೆಡಿಸಿದ ನಳಗಳು

ಈ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ನಾನು ಹೇಳುವ ಮೊದಲ ಮಾತು ಇದು: ಮನೆಗಾಡಿಯಿಂದ ಇಳಿಯುವ ಅಜ್ಜಿಯ ಕೈಯಲ್ಲಿ ಚಕ್ರವೂ ಹಿಡಿಕೆಯೂ ಇರುವ ಪೆಟ್ಟಿಗೆ ಕಂಡರೆ, ಓಡಿಹೋಗಿ ಕಸಿದುಕೊಳ್ಳಬೇಡಿ.

ನಾನು ಕಸಿದುಕೊಂಡಿದ್ದೆ. ನೌಕರಿಗೆ ಸೇರಿದ ಎರಡನೆಯ ದಿನ. ಅಜ್ಜಿಯ ಹೆಸರು ಡೊರೀನ್, ಇಂಗ್ಲೆಂಡಿನಲ್ಲಿ ಹೆಣ್ಣುಮಕ್ಕಳ ಶಾಲೆಯೊಂದರ ಮುಖ್ಯೋಪಾಧ್ಯಾಯಿನಿಯಾಗಿದ್ದು ನಿವೃತ್ತರಾದವರು. "ಬೇಡ, ಬೇಡ, ದಯವಿಟ್ಟು ಬೇಡ" ಎಂದರು. ನಮ್ಮ ಅಂಕೋಲೆ ಕಡೆ ಊಟಕ್ಕೆ ಕೂತ ನೆಂಟರು ಮೂರು ಸಲ ಬೇಡ ಎಂದ ಮೇಲೆಯೇ ಬಡಿಸಿಕೊಳ್ಳುವುದು. ಹಾಗಾಗಿ ಮೂರನೆಯ 'ಬೇಡ'ಕ್ಕೆ ನಾನು ಪೆಟ್ಟಿಗೆಯನ್ನು ಗೆದ್ದುಕೊಂಡು, ದರದರ ಎಳೆದುಕೊಂಡು ಹೋಗಿ, ಊಟದ ಚಪ್ಪರದಲ್ಲಿ ಉಪ್ಪಿನಕಾಯಿ ಭರಣಿಯ ಪಕ್ಕ ನೆಟ್ಟಗೆ ನಿಲ್ಲಿಸಿದೆ. ಅದು ಅವರ ಗಾಡಿಯ ಸಂಡಾಸಿನ ಪೆಟ್ಟಿಗೆ. ಗೋವೆಯಿಂದ ತುಂಬಿಕೊಂಡು ಬಂದಿತ್ತು.

ನನ್ನ ಹೆಂಡತಿ ಸುನಂದಾ ಇಷ್ಟನ್ನು ಓದಿ, "ಎರಡನೇ ದಿನ ಅಲ್ಲ, ಎರಡನೇ ವಾರ" ಎಂದಳು. ಇರಬಹುದು. ಧಾರವಾಡದಲ್ಲಿ ತತ್ವಶಾಸ್ತ್ರದ ಎಂ.ಎ. ಮಾಡುವಾಗ ನಾನು ಕಲಿತದ್ದು ಒಂದೇ: ಯಾವುದನ್ನೂ ಪುರಾವೆ ಇಲ್ಲದೆ ನಂಬಬಾರದು. ಆಗ ಅದು ದೇವರಿಗೆ ಮಾತ್ರ ಅನ್ವಯಿಸುತ್ತದೆ ಎಂದುಕೊಂಡಿದ್ದೆ. ಈಗ ಅರವತ್ತೆರಡಾದ ಮೇಲೆ ನನ್ನ ನೆನಪಿಗೂ ಅನ್ವಯಿಸಬೇಕಾಗಿ ಬಂದಿದೆ. ಆದ್ದರಿಂದ ಇಲ್ಲಿ ಬರೆದದ್ದರಲ್ಲಿ ದಿನ, ವಾರಗಳನ್ನು ನಂಬಬೇಡಿ. ನಳಗಳನ್ನು ನಂಬಿ. ನಳಗಳ ಬಗ್ಗೆ ನನ್ನ ಹತ್ತಿರ ಸಾಕ್ಷಿಗಳಿದ್ದಾರೆ.

ಕೆಲಸ ಏನೆಂದು ಹೇಳಿಬಿಡುತ್ತೇನೆ. ಕಾರವಾರಕ್ಕೂ ಅಂಕೋಲೆಗೂ ನಡುವೆ ಹೆದ್ದಾರಿಯಿಂದ ಇಳಿದರೆ ಸಮುದ್ರದ ದಂಡೆಗೆ ಒಂದು ಗಾಳಿಮರದ ತೋಪು. ಅದರಲ್ಲಿ ಹದಿನಾಲ್ಕು ಗಾಡಿ ನಿಲ್ಲುವಷ್ಟು ಜಾಗ, ಪ್ರತಿ ಜಾಗಕ್ಕೂ ಒಂದು ನಂಬರು, ಒಂದು ಕರೆಂಟಿನ ಕಂಬ, ಒಂದು ನೀರಿನ ನಳ. ಮಾಲೀಕರು ಹೆಗಡೇರು, ಘಟ್ಟದ ಬುಡದ ಕಡೆ ಅಡಿಕೆ ತೋಟವಿದ್ದವರು. ಯುರೋಪಿನ ನಿವೃತ್ತರು ತಮ್ಮ ಮನೆಗಾಡಿಗಳನ್ನು, ಅಂದರೆ ಒಳಗೆ ಮಂಚ, ಒಲೆ, ಸಂಡಾಸು ಎಲ್ಲ ಇರುವ ಗಾಡಿಗಳನ್ನು, ಅಲ್ಲಿಂದ ಓಡಿಸಿಕೊಂಡೇ ಬಂದು ಗೋವೆಯಲ್ಲಿ ಚಳಿಗಾಲ ಕಳೆಯುತ್ತಾರೆಂದು ಅವರಿಗೆ ಯಾರೋ ಹೇಳಿದ್ದರು. ಗೋವೆಯ ಗಲಾಟೆ ಬೇಡವಾದವರು ಕಾಳಿ ಸೇತುವೆ ದಾಟಿ ಈಚೆ ಬಂದಾರು ಎಂಬುದು ಹೆಗಡೇರ ಲೆಕ್ಕಾಚಾರ. ಬೊಬ್ರುವಾಡದಲ್ಲಿ ಮನೆಯಿದ್ದು, ನಾಲ್ಕು ಕಾಲೇಜುಗಳಲ್ಲಿ ಅರೆಕಾಲಿಕ ಪಾಠ ಮಾಡಿ ನಾಲ್ಕರಿಂದಲೂ ಹೊರಬಿದ್ದಿದ್ದ ನನ್ನನ್ನು ಕರೆದು, "ಇಂಗ್ಲಿಷು ಬರ್ತದಲ್ಲ ಮಾರಾಯಾ, ಸಾಕು. ತತ್ವಶಾಸ್ತ್ರ ಬೇಕಾದ್ರೆ ಬಿಡುವಿದ್ದಾಗ ಮಾಡು" ಎಂದು ಮ್ಯಾನೇಜರು ಮಾಡಿದರು. ಹದಿನೈದು ವರ್ಷ ಇದ್ದೆ.

ನನ್ನ ಜೊತೆ ಇದ್ದವಳು ತಿಮ್ಮಕ್ಕ. ಶೆಟಗೇರಿಯಿಂದ ದಿನಾ ಟೆಂಪೋದಲ್ಲಿ ಬಂದು ತೋಪು ಗುಡಿಸಿ, ಬಚ್ಚಲು ತೊಳೆದು, ಮಧ್ಯಾಹ್ನ ಮೀನು ಸಾರು ಮಾಡಿ ಹೋಗುವವಳು. ಸಂಡಾಸಿನ ಪೆಟ್ಟಿಗೆಯನ್ನು ಉಪ್ಪಿನಕಾಯಿಯ ಪಕ್ಕ ಮೊದಲು ಕಂಡವಳೂ ಅವಳೇ. "ಸಾಯ್ಬರೆ, ನೀವು ಎಷ್ಟನೇತ್ತೆವರೆಗೆ ಓದೀರಿ?" ಎಂದು ಕೇಳಿದಳು. ನಾನು ಹೇಳಿದೆ. "ಅದಕ್ಕೇ" ಎಂದಳು.

ಹೆಗಡೇರು ಅಂದಾಜಿಸಿರದ ಒಂದು ಸಂಗತಿ ಇತ್ತು. ಗೋವೆಯ ಗಲಾಟೆ ಬೇಡವಾಗಿ ಈಚೆ ಬಂದವರು ಬಹುಪಾಲು ಭಕ್ತರು. ಮೊದಲ ವರ್ಷ ಡೊರೀನ್ ಒಬ್ಬರೇ ಬಂದಿದ್ದರು. ಮರುವರ್ಷ ತಮ್ಮಂಥವರನ್ನು ಕಟ್ಟಿಕೊಂಡು ಆರು ಗಾಡಿಗಳ ಸಾಲಿನಲ್ಲಿ ಬಂದರು. ನವೆಂಬರಿಗೆ ಬಂದರೆ ಮಾರ್ಚಿಗೆ ಹೊರಡುವುದು. ಎಲ್ಲರೂ ಅರವತ್ತೈದು ದಾಟಿದವರು, ಎಲ್ಲರೂ ಏಸುವಿನ ಒಕ್ಕಲು, ಯಾರಿಗೂ ಸುಮ್ಮನೆ ಕೂರಲು ಬಾರದು. ಬೆಳಿಗ್ಗೆ ಎಂಟಕ್ಕೆ ಡೊರೀನ್ ಒಂದು ಹಿತ್ತಾಳೆ ಗಂಟೆ ಬಾರಿಸುತ್ತಿದ್ದರು. ಮಡಚುವ ಕುರ್ಚಿಗಳನ್ನು ಹಿಡಿದುಕೊಂಡು ಎಲ್ಲರೂ ಬಂದು ದುಂಡಗೆ ಕೂರುವರು. ಒಂದು ಹಾಡು. ಆಮೇಲೆ ಕಣ್ಣು ಮುಚ್ಚಿ, ಒಬ್ಬೊಬ್ಬರಾಗಿ, ಈ ದಿನ ತಮಗೆ ಏನು ಕೆಲಸ ಬೇಕೆಂದು ದೇವರನ್ನು ಗಟ್ಟಿಯಾಗಿ ಕೇಳುವರು. ಬೇರೆಯವರು ದೇವರ ಹತ್ತಿರ ಹೆಚ್ಚಾಗಿ ಕೆಲಸದಿಂದ ಬಿಡುಗಡೆ ಕೇಳುವುದನ್ನು ಕಂಡಿದ್ದ ನನಗೆ ಇದು ವಿಚಿತ್ರವಾಗಿತ್ತು.

"ಅರವತ್ತಾದ ಮೇಲೆ ರಜೆ ಅಂತ ನಮ್ಮ ಗ್ರಂಥದಲ್ಲಿ ಎಲ್ಲೂ ಕಾಣಲಿಲ್ಲ" ಎಂದು ಡೊರೀನ್ ನನಗೊಮ್ಮೆ ಹೇಳಿದರು. "ನಮ್ಮ ಸರಕಾರದ ಕಾಗದದಲ್ಲಿ ಮಾತ್ರ ಇದೆ." ಅವರು ತಮ್ಮ ಊರಲ್ಲಿ ಹಳೆ ಕನ್ನಡಕಗಳನ್ನು ಒಟ್ಟುಮಾಡಿ ತಂದು ತೋಪಿಗೆ ಮೀನು ತರುವ ಹೆಂಗಸರ ಕಣ್ಣಿಗೆ ಹಾಕಿ ನೋಡುತ್ತಿದ್ದರು. ಒಬ್ಬಳಿಗೆ ಸರಿಯಾಗಿ ಕಾಣಿಸಿ, ತಾನು ಮಾರುತ್ತಿದ್ದ ಬಂಗಡೆ ಎಷ್ಟು ಹಳತಾಗಿದೆಯೆಂದು ಅವಳೇ ಬೆಚ್ಚಿದಳು.

ನಮ್ಮ ಪ್ಲಂಬರ್ ಪಾಸ್ಕುವಿಗೆ ಈ ಪ್ರಾರ್ಥನೆ ಸರಿಬರಲಿಲ್ಲ. ಚಿತ್ತಾಕುಲದವನು, ತಲೆಮಾರುಗಳಿಂದ ಇಗರ್ಜಿಯವನು. ಗಾಳಿಮರದ ಮರೆಯಿಂದ ನೋಡಿ, "ಪಾದ್ರಿ ಇಲ್ಲ, ಮೇಣದಬತ್ತಿ ಇಲ್ಲ, ಮಾತೆಯ ಮೂರ್ತಿ ಇಲ್ಲ. ಅರೇ ದೇವಾ, ಇದು ಪ್ರಾರ್ಥನೆಯೋ, ಪಂಚಾಯ್ತಿ ಮೀಟಿಂಗೋ ಮಾರಾಯ್ರೆ?" ಎಂದು ಎದೆಯ ಮೇಲೆ ಶಿಲುಬೆ ಬರೆದುಕೊಂಡ.

ಪರದೇಶಿಗಳು ಸೇರಿ ಏನೋ ಮಾಡುತ್ತಿದ್ದಾರೆಂದು ಸುದ್ದಿ ಹೋಗಿ, ಸಾದಾ ಉಡುಪಿನ ಪೊಲೀಸರೊಬ್ಬರೂ ವಿಚಾರಿಸಲು ಬಂದರು. ಪರದೇಶಿಗಳ ವಿವರ ಕೊಡುವ ಸಿ ಫಾರ್ಮ್ ಎಂಬುದನ್ನು ಆಗ ಕಾರ್ಬನ್ ಹಾಕಿ ಕೈಯಲ್ಲೇ ಬರೆದು, ನಾನೇ ಬಸ್ಸು ಹತ್ತಿ ಕಾರವಾರಕ್ಕೆ ಮುಟ್ಟಿಸಬೇಕಿತ್ತು. ನೀವು ಈಗ ಕೂತಲ್ಲೇ ಫೋನಿನಲ್ಲಿ ಕಳಿಸುತ್ತೀರಿ. ನಿಮಗೆ ಕಾರವಾರದ ಬಸ್‌ಸ್ಟ್ಯಾಂಡಿನ ಬನ್ಸ್ ತಿನ್ನುವ ಯೋಗವಿಲ್ಲ. ಆ ಪೊಲೀಸರು ಫಾರ್ಮುಗಳನ್ನು ತಿರುವಿಹಾಕಿ, "ಇವರು ಬೆಳಿಗ್ಗೆ ಏನು ಮಾಡ್ತಾರೆ, ನೀವು ಕಂಡದ್ದನ್ನು ಮಾತ್ರ ಬರೆದುಕೊಡಿ" ಎಂದರು. ನಾನು ಕಂಡದ್ದನ್ನು ಮಾತ್ರ ಬರೆದೆ: 'ಎಂಟು ಗಂಟೆಗೆ ಕಣ್ಣು ಮುಚ್ಚುತ್ತಾರೆ. ಎಂಟೂಕಾಲಿಗೆ ತೆಗೆಯುತ್ತಾರೆ.' ಅವರು ಓದಿ, ತುಸು ಯೋಚಿಸಿ, ಡೊರೀನ್ ಕೊಟ್ಟ ಕೇಕು ತಿಂದು ಹೋದರು. ಮತ್ತೆ ಬರಲಿಲ್ಲ. ಆ ಹದಿನೈದು ನಿಮಿಷವನ್ನು ಬರೆದಿಟ್ಟದ್ದು ಮುಂದೆ ನನಗೇ ಉಪಯೋಗಕ್ಕೆ ಬರುತ್ತದೆಂದು ಆಗ ಗೊತ್ತಿರಲಿಲ್ಲ.

ಈಗ ಹೆಂಡ್ರಿಕ್ ಸಾಯ್ಬರಿಗೆ ಬರುತ್ತೇನೆ.

ಹಾಲೆಂಡಿನವರು. ಹಡಗು ಕಟ್ಟುವಲ್ಲಿ ನಲವತ್ತು ವರ್ಷ ಪೈಪು ಕೂಡಿಸಿದವರು. ನಮ್ಮಲ್ಲಿಗೆ ಮೊದಲೆರಡು ಚಳಿಗಾಲ ಹೆಂಡತಿ ಯೋಹಾನಾ ಜೊತೆ ಬಂದರು. ಮೂರನೆಯ ಸಲ ಆ ಗಾಡಿಯ ಬಾಗಿಲು ತೆರೆದಾಗ ಅವರೊಬ್ಬರೇ ಇಳಿದರು. ನಾನು, "ಏಳನೇ ನಂಬರು ಖಾಲಿ ಇದೆ" ಎಂದೆ. ತತ್ವಶಾಸ್ತ್ರ ಅಷ್ಟೇ ಕೆಲಸಕ್ಕೆ ಬಂದದ್ದು. ತಿಮ್ಮಕ್ಕ ಒಂದು ತಂಬಿಗೆ ಎಳನೀರು ತಂದು ಅವರ ಕೈಗಿಟ್ಟಳು.

ಆಗ ಅವರಿಗೆ ಎಪ್ಪತ್ತೆಂಟು. ಬೆಳಗಿನ ಪ್ರಾರ್ಥನೆಯಲ್ಲಿ ಅವರದು ಒಂದೇ ಮಾತು: "ಇವತ್ತು ಕೆಟ್ಟಿರುವುದು ಒಂದನ್ನು ತೋರಿಸು." ಆಮೇಲೆ ಹಸಿರು ಪೆಟ್ಟಿಗೆಯಲ್ಲಿ ನಟ್ಟು ತಿರುಗಿಸುವ ಪಾನಾ, ಇಕ್ಕಳ, ವಾಷರು ಹಾಕಿಕೊಂಡು ತೋಪಿನಲ್ಲಿ ಹುಡುಕುತ್ತ ಹೊರಡುವರು. ಬಚ್ಚಲ ಬಾಗಿಲಿನ ತಿರುಗಣಿ, ಪಂಪು, ತಿಮ್ಮಕ್ಕನ ಕುಕ್ಕರಿನ ಹಿಡಿಕೆ. ಒಂದನ್ನು ಮುಗಿಸಿದ ಮೇಲೆ ಕಿಸೆಯಿಂದ ಸಣ್ಣ ನೋಟುಪುಸ್ತಕ ತೆಗೆದು ಬರೆದಿಡುವರು, ದೇವರು ಉತ್ತರ ಕೊಟ್ಟ ಎಂದು. ನಾನು ಒಮ್ಮೆ ಬಾಯಿ ತಡೆಯದೆ, "ಸಮುದ್ರದ ಗಾಳಿಗೆ ಕಬ್ಬಿಣ ತುಕ್ಕು ಹಿಡಿಯುತ್ತದೆ ಸಾಯ್ಬರೆ, ಅದಕ್ಕೆ ದೇವರು ಬೇಕಿಲ್ಲ" ಎಂದೆ. ಅವರು ಸಿಟ್ಟಾಗಲಿಲ್ಲ. "ಒಳ್ಳೇ ವ್ಯವಸ್ಥೆ, ಅಲ್ಲವೇ?" ಎಂದರು.

ಡಿಸೆಂಬರಿನ ಒಂದು ಮಧ್ಯಾಹ್ನ ಮೀನು ಸಾರು ಊಟ ಮಾಡಿ ಕೂತಿದ್ದಾಗ ಅವರು ತಾವಾಗಿ ಹೇಳಿದರು. ಮಗಳು ಊರಲ್ಲಿ ವೃದ್ಧಾಶ್ರಮದ ಕೋಣೆಯೊಂದನ್ನು ಹಿಡಿದಿಟ್ಟಿದ್ದಾಳೆ. ಗಾಡಿ ಮಾರಿ ಬಂದು ಅಲ್ಲಿರಿ ಎನ್ನುತ್ತಾಳೆ. ಅವಳಿಗೂ ಹೆದರಿಕೆ, ಒಬ್ಬನೇ ದಾರಿಯಲ್ಲಿ ಏನಾದರೂ ಆದರೆ ಎಂದು. "ಹಾಗಾಗಿ ನಾನು ದೇವರ ಹತ್ತಿರ ಒಂದು ಒಪ್ಪಂದ ಮಾಡಿಕೊಂಡೆ. ಸತತ ಮೂರು ದಿನ ಕೆಲಸ ಸಿಗದಿದ್ದರೆ, ನನ್ನ ಕೆಲಸ ಮುಗಿದಿದೆ ಎಂದು ಅರ್ಥ. ನಾಲ್ಕನೆಯ ದಿನ ಮಗಳಿಗೆ ಫೋನು."

"ನಿಮಗೆ ಅಲ್ಲಿಗೆ ಹೋಗುವ ಮನಸ್ಸಿದೆಯೇ?"

"ಒಳ್ಳೇ ಜಾಗ. ಎಲ್ಲ ಹೊಸದು. ಕಿಟಕಿ ಕೂಡ ತಾನಾಗಿ ಮುಚ್ಚಿಕೊಳ್ಳುತ್ತದೆ" ಎಂದರು. ಜೈಲಿನ ಗೋಡೆಯ ಎತ್ತರ ಹೇಳುವಾಗಿನ ದನಿ ಅದು.

ತೊಂದರೆ ಏನೆಂದರೆ, ಈ ಮನುಷ್ಯ ತನ್ನ ಕೆಲಸದಲ್ಲಿ ತೀರಾ ಗಟ್ಟಿಗ. ನಮ್ಮ ಪಾಸ್ಕು ರಿಪೇರಿ ಮಾಡಿದ ನಳ ಆರು ತಿಂಗಳಿಗೆ ಪಾಸ್ಕುವನ್ನು ಮತ್ತೆ ಕರೆಯುತ್ತಿತ್ತು. ಇವರು ಮಾಡಿದ್ದು ಇವರನ್ನು ಮತ್ತೆ ಕರೆಯುತ್ತಿರಲಿಲ್ಲ. ಹೊಸ ವರ್ಷ ಕಳೆಯುವಷ್ಟರಲ್ಲಿ ಹದಿನಾಲ್ಕು ನಳ, ಎಂಟು ಬಚ್ಚಲು, ಎರಡು ಪಂಪು, ಎಲ್ಲವೂ ಹಡಗಿನಷ್ಟು ಭದ್ರವಾದವು. ಒಂದು ಸೋಮವಾರ ಅವರು ಹಸಿರು ಪೆಟ್ಟಿಗೆ ಹಿಡಿದು ಇಡೀ ತೋಪು ಸುತ್ತಿ ಬರಿಗೈಯಲ್ಲಿ ಬಂದು ಕೂತರು. ಮಂಗಳವಾರವೂ ಹಾಗೇ. ಸಂಜೆ ಕುರ್ಚಿಯಲ್ಲಿ ಕೂತು ನೋಟುಪುಸ್ತಕವನ್ನು ಹಿಂದಿನಿಂದ ಮುಂದಕ್ಕೆ ಓದುತ್ತಿದ್ದರು. ಡೊರೀನ್ ನನ್ನ ಹತ್ತಿರ ಬಂದು, "ನಾಳೆ ಮೂರನೆಯ ದಿನ" ಎಂದಷ್ಟೇ ಹೇಳಿ ಹೋದರು.

ಬುಧವಾರ ಎಂಟಕ್ಕೆ ಗಂಟೆ ಮೊಳಗಿತು. ಹಾಡಾಯಿತು. ಕಣ್ಣು ಮುಚ್ಚಿದರು. ನಾನು ಅಂಗಿಯೊಳಗೆ ಆಫೀಸಿನ ಪಾನಾ ಇಟ್ಟುಕೊಂಡು, ಚಪ್ಪಲಿ ಬಿಟ್ಟು, ಮೂರನೆಯ ನಂಬರಿನ ನಳದ ಹತ್ತಿರ ಹೋದೆ. ಜೀವಮಾನದಲ್ಲಿ ಪಾನಾ ಹಿಡಿದವನಲ್ಲ. ಸಡಿಲ ಮಾಡಲು ಯಾವ ಕಡೆ ತಿರುಗಿಸಬೇಕೆಂಬುದು ನಮ್ಮ ಎಂ.ಎ. ಪಠ್ಯದಲ್ಲಿ ಇರಲಿಲ್ಲ. ನಾನು ಬಿಗಿ ಮಾಡುವ ಕಡೆಗೇ ಹೆಣಗಿದೆ. ಅದು ಕಿರ್ರೆಂದಿತು. ಇನ್ನೂ ಹೆಣಗಿದೆ. ನಳದ ತಲೆಯೇ ಕಿತ್ತು ಕೈಗೆ ಬಂದು, ಗಾಳಿಮರದ ಅರ್ಧದ ಎತ್ತರಕ್ಕೆ ನೀರು ಹಾರಿತು.

ನಾನು ಬಿದ್ದಂಬೀಳ ಓಡಿ ಆಫೀಸಿನಲ್ಲಿ ಕೂತು ರಿಜಿಸ್ಟರು ತೆರೆದೆ, ತಲೆಕೆಳಗಾಗಿ. ಹೊರಗೆ "ಹಲ್ಲೆಲೂಯಾ!" ಎಂಬ ಕೂಗು. ಹೆಂಡ್ರಿಕ್ ಸಾಯ್ಬರು ಎಪ್ಪತ್ತೆಂಟರ ಮೊಣಕಾಲು ಮರೆತು ಹಸಿರು ಪೆಟ್ಟಿಗೆಯೊಂದಿಗೆ ಓಡುತ್ತಿದ್ದರು. ಮೈಯೆಲ್ಲ ಒದ್ದೆ, ಮುಖದ ತುಂಬ ನಗು.

ದೇವರಿಲ್ಲವೆಂದು ಇಪ್ಪತ್ತು ವರ್ಷ ವಾದಿಸಿದವನು ಆ ದಿನದಿಂದ ದೇವರ ಕೆಲಸವನ್ನು ಬದಲಿಯಾಗಿ ಮಾಡತೊಡಗಿದೆ. ಬದಲಿ ನೌಕರಿ ನನಗೆ ಅಭ್ಯಾಸವಿತ್ತು. ಒಂದು ದಿನ ಬಿಟ್ಟು ಒಂದು ದಿನ, ಎಂಟರಿಂದ ಎಂಟೂಕಾಲರೊಳಗೆ, ಏನಾದರೊಂದು ಕೆಡಿಸುವುದು. ಬೇಗ ತಿಳಿದದ್ದೆಂದರೆ, ಕೆಡಿಸುವುದೂ ಒಂದು ವಿದ್ಯೆ. ಸೋರುವಷ್ಟು ಕೆಡಬೇಕು, ಒಡೆಯುವಷ್ಟು ಕೆಡಬಾರದು. ಒಮ್ಮೆ ನಾನು ಪಂಪಿನ ಪೈಪನ್ನು ಎಷ್ಟು ಕೆಡಿಸಿದೆನೆಂದರೆ ಹೊಸ ಪೈಪಿಗೆ ಪಾಸ್ಕುವನ್ನು ಕರೆಸಬೇಕಾಯಿತು. ಅವನು ಕುಕ್ಕರಗಾಲಲ್ಲಿ ಕೂತು ತುಂಡನ್ನು ತಿರುಗಿಸಿ ತಿರುಗಿಸಿ ನೋಡಿದ.

"ಇದು ತಾನಾಗಿ ಹಾಳಾದದ್ದಲ್ಲ ಮಾರಾಯ್ರೆ. ಮಂಗ ಮಾಡಿದ್ದೂ ಅಲ್ಲ. ಮಂಗ ಇಷ್ಟು ಹೊತ್ತು ಒಂದೇ ಕಡೆ ತಪ್ಪು ಮಾಡೂದಿಲ್ಲ."

"ಮತ್ತೆ?"

"ಯಾರೋ ಓದಿದವರು ಮಾಡಿದ್ದು."

ತಿಮ್ಮಕ್ಕನ ಕೈಗೆ ನಾನು ಸಿಕ್ಕಿಬಿದ್ದದ್ದು ಅದಾಗಿ ಒಂದೆರಡು ದಿನಕ್ಕೆ. ಹನ್ನೊಂದನೆಯ ನಂಬರಿನ ನಳಕ್ಕೆ ಬಗ್ಗಿದ್ದೆ. ಹಿಂದಿನಿಂದ ಹಿಡಿಕಡ್ಡಿ ಪೊರಕೆಯ ಬುಡ ನನ್ನ ಬೆನ್ನಿಗೆ ತಾಗಿತು.

"ಎಂತ ಮಾಡ್ತ್ರಿ ಸಾಯ್ಬರೆ?"

ಸುಳ್ಳು ಹೊಳೆಯಲಿಲ್ಲ. ಎಲ್ಲ ಹೇಳಿದೆ. ಒಪ್ಪಂದ, ಮೂರು ದಿನ, ವೃದ್ಧಾಶ್ರಮ, ತಾನಾಗಿ ಮುಚ್ಚುವ ಕಿಟಕಿ. ಆಚೆ ದುಂಡಗೆ ಕೂತವರು ಇನ್ನೂ ಕಣ್ಣು ಮುಚ್ಚಿಕೊಂಡಿದ್ದರು. ತಿಮ್ಮಕ್ಕ ಸೊಂಟಕ್ಕೆ ಕೈಕೊಟ್ಟು ಪೂರ್ತಿ ಕೇಳಿದಳು. ನಾನು ಹೊಗಳಿಕೆಗೆ ಕಾಯುತ್ತಿದ್ದೆನೆಂದು ಕಾಣುತ್ತದೆ.

"ನೀರು ಎಷ್ಟು ಹಾಳ್ ಮಾಡ್ದ್ರಿ ಗೊತ್ತದ್ಯಾ? ಚಲೋ ಇದ್ದದ್ದನ್ನ ಯಾಕೆ ಕೆಡಿಸ್ತ್ರಿ? ಕೆಟ್ಟದ್ದು ಬೇಕಾದ್ರೆ ನನ್ನ ಕೇಳಬಾರ್ದಾ? ನಮ್ಮನೆ ಬಾವಿ ಗಡಗಡೆ ಮುರಿದು ಎರಡು ವರ್ಷ ಆತು, ಕೈಯಲ್ಲೇ ಎಳೀತೆ. ನಮ್ಮ ಕೇರಿಲಿ ಕೆಟ್ಟದ್ದು ಬಿಟ್ರೆ ಬೇರೆ ಎಂತದೂ ಇಲ್ಲ!"

ನನ್ನ ವೃತ್ತಿಯ ಪ್ರಮಾದಗಳಲ್ಲಿ ಇದನ್ನು ಸಂಡಾಸಿನ ಪೆಟ್ಟಿಗೆಗಿಂತ ಮೇಲೆ ಇಡುತ್ತೇನೆ. ಸುತ್ತ ಹತ್ತು ಹಳ್ಳಿ, ಪ್ರತಿ ಹಳ್ಳಿಯಲ್ಲೂ ಮುರಿದ ಗಡಗಡೆ, ನಿಂತ ಪಂಪು, ಕಾಲು ಕಿತ್ತ ಹೊಲಿಗೆಯಂತ್ರ. ನಾನು ಅವುಗಳ ನಡುವೆ ಕೂತು, ಒಬ್ಬ ಮುದುಕನಿಗೆ ಕೆಲಸ ಸಾಲದೆಂದು ಹೊಸ ನಳ ಒಡೆಯುತ್ತಿದ್ದೆ.

ಮರುದಿನ ತಿಮ್ಮಕ್ಕನೇ ಹೆಂಡ್ರಿಕ್ ಸಾಯ್ಬರನ್ನು ಹೊರಡಿಸಿದಳು. ಅವಳಿಗೆ ಇಂಗ್ಲಿಷು ಬಾರದು, ಅವರಿಗೆ ಕನ್ನಡ ಬಾರದು. ಹಸಿರು ಪೆಟ್ಟಿಗೆಯನ್ನು ತಾನು ತಲೆಯ ಮೇಲಿಟ್ಟುಕೊಂಡು ಟೆಂಪೋದ ಕಡೆ ನಡೆದಳು. ಪೆಟ್ಟಿಗೆ ಹೋದಲ್ಲಿಗೆ ಅವರು ಹೋಗಲೇಬೇಕಾಯಿತು. ನಾನು ದುಭಾಷಿಯಾಗಿ ಹಿಂದೆ. ಶೆಟಗೇರಿಯ ಅವಳ ಬಾವಿಗೆ ಗಡಗಡೆ ಕೂರಿಸಿ ಹಗ್ಗ ಎಳೆದಾಗ ಕೊಡ ಹಕ್ಕಿಯ ಹಾಗೆ ಮೇಲೆ ಬಂತು. ಕೇರಿಯ ಹೆಂಗಸರು ಸುತ್ತ ನಿಂತಿದ್ದರು. ಒಬ್ಬಳು, "ತಿಮ್ಮಕ್ಕ, ಈ ಅಜ್ಜನ್ನ ಎಲ್ಲಿಂದ ತಂದೆ?" ಎಂದಳು.

"ಕ್ಯಾಂಪಲ್ಲಿ ಸುಮ್ಮನೆ ಕೂತಿತ್ತು. ಹಾಳಾಗ್ತದೆ ಅಂತ ತಂದೆ."

ನಾನು ಇದನ್ನು ಅನುವಾದಿಸಲಿಲ್ಲ. ಹೆಂಡ್ರಿಕ್ ಸಾಯ್ಬರು ಒತ್ತಾಯಿಸಿದರು. ಹೇಳಿದೆ. ಅವರು ಆ ಬಾವಿಕಟ್ಟೆಯ ಮೇಲೆ ಕೂತು, ಯೋಹಾನಾ ತೀರಿಕೊಂಡ ಮೇಲೆ ಮೊದಲ ಸಲ ಇರಬೇಕು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ನಗು ನಿಂತಿತು, ನೀರು ನಿಲ್ಲಲಿಲ್ಲ. ತಿಮ್ಮಕ್ಕ ಹೊಸ ಗಡಗಡೆಯಲ್ಲಿ ಇನ್ನೊಂದು ಕೊಡ ನೀರು ಎಳೆದು ಮುಖ ತೊಳೆದುಕೊಳ್ಳಲು ಕೊಟ್ಟಳು.

ಅಲ್ಲಿಂದ ಮುಂದೆ ಅವರನ್ನು ಹಿಡಿಯುವವರಿಲ್ಲ. ಕೆಲಸ ಎಷ್ಟಾಯಿತೆಂದರೆ ಒಬ್ಬರಿಂದ ಆಗದೆ ಪಾಸ್ಕುವನ್ನು ಜೊತೆ ಕರೆದುಕೊಂಡರು. ಇಬ್ಬರೂ ಸಮುದ್ರ ಕಾಣುವ ಯಾವ ಕಟ್ಟೆಯ ಮೇಲೆ ಕೂತರೂ ಪಾದ್ರಿ ಬೇಕೋ ಬೇಡವೋ ಎಂದು ಜಗಳ. ಪಾಸ್ಕು ಅವರನ್ನು ತನ್ನ ಇಗರ್ಜಿಯ ಹಬ್ಬಕ್ಕೆ ಕರೆದೊಯ್ದ. ಅವರು ಪೂಜೆಯ ಹೊತ್ತಿನಲ್ಲಿ ಅಲ್ಲಿಯ ಬಾಗಿಲು ಕಿರುಗುಡುವುದನ್ನು ಕೇಳಿಸಿಕೊಂಡು, ಮುಗಿದ ಮೇಲೆ ಎಣ್ಣೆ ಹಾಕಿ ಬಂದರು. ಬೆಳಗಿನ ಪ್ರಾರ್ಥನೆಯಲ್ಲಿ ಅವರ ಮಾತು ಬದಲಾಯಿತು. ಆಫೀಸಿನವರೆಗೆ ಕೇಳುತ್ತಿತ್ತು: "ಸ್ವಾಮಿ, ಇವತ್ತು ದಯವಿಟ್ಟು ಒಂದೇ ಇರಲಿ."

ಮಾರ್ಚಿನಲ್ಲಿ ಹೊರಡುವ ಮುನ್ನಾದಿನ ಅವರು ನನ್ನ ಆಫೀಸಿಗೆ ಬಂದು ನೋಟುಪುಸ್ತಕವನ್ನು ಮೇಜಿನ ಮೇಲೆ ತೆರೆದಿಟ್ಟರು. ಜನವರಿಯ ಕೆಲವು ಸಾಲುಗಳ ಪಕ್ಕ ಪೆನ್ಸಿಲಿನಲ್ಲಿ ಒಂದು ಸಣ್ಣ ಪಾನಾದ ಚಿತ್ರ.

"ಇದು ಏನು?" ಎಂದೆ.

"ನಿನ್ನವು."

ಅವರು ಶಾಂತವಾಗಿ ಹೇಳಿದರು: ಹಿತ್ತಾಳೆ ತಾನಾಗಿ ಸಡಿಲವಾದರೆ ಅದರ ಮೈ ನುಣ್ಣಗಿರುತ್ತದೆ. ಪಾನಾ ಹಚ್ಚಿದರೆ ಅದರ ಹಲ್ಲಿನ ಗುರುತು ಬೀಳುತ್ತದೆ. ನಲವತ್ತು ವರ್ಷ ಪೈಪು ಕೂಡಿಸಿದವನಿಗೆ ಅದು ಮೊದಲ ದಿನವೇ ಗೊತ್ತಾಗಿತ್ತು.

"ಹಾಗಾದರೆ ಹಲ್ಲೆಲೂಯಾ ಎಂದು ಕೂಗಿದ್ದು ಯಾಕೆ? ನಿಮ್ಮ ದೇವರು ಉತ್ತರ ಕೊಡಲಿಲ್ಲವಲ್ಲ. ಕೊಟ್ಟದ್ದು ನಾನು" ಎಂದೆ. ಸೋತಾಗಲೂ ವಾದ ಬಿಡಬಾರದೆಂದು ಧಾರವಾಡದಲ್ಲಿ ಕಲಿಸಿದ್ದರು.

"ಕೆಟ್ಟಿರುವುದು ಒಂದನ್ನು ತೋರಿಸು ಎಂದು ಕೇಳಿದ್ದೆ. ಯಾರ ಕೈಯಿಂದ ಕೆಡಿಸಬೇಕೆಂದು ನಾನು ಷರತ್ತು ಹಾಕಿರಲಿಲ್ಲ" ಎಂದರು. "ಆದರೆ ಒಂದು ಮಾತು. ದೇವರೇ ಖುದ್ದಾಗಿ ಮಾಡಿದ್ದರೆ ತಿರುಗಿಸುವ ದಿಕ್ಕು ತಪ್ಪುತ್ತಿರಲಿಲ್ಲ. ಬಾ ಹೊರಗೆ." ಆ ಸಂಜೆ, ಬೆಳಕಿರುವಾಗಲೇ, ಮೂರನೆಯ ನಂಬರಿನ ನಳದ ಹತ್ತಿರ ಕೂರಿಸಿ ವಾಷರು ಬದಲಿಸುವುದು ಕಲಿಸಿದರು. ಬಿಚ್ಚಿಸಿದರು, ಕೂಡಿಸಿದರು, ಮತ್ತೆ ಬಿಚ್ಚಿಸಿದರು. ಆರನೆಯ ಸಲಕ್ಕೆ ಸೋರಲಿಲ್ಲ. ವಿಶ್ವವಿದ್ಯಾಲಯ ನನಗೆ ಕೊಟ್ಟ ಪದವಿಯ ದಿನಕ್ಕಿಂತ ಅದು ನನಗೆ ಚೆನ್ನಾಗಿ ನೆನಪಿದೆ.

ನೆನಪಿದೆ ಎಂದೆ. ಇಲ್ಲೇ ತೊಡಕು ಇರುವುದು. ನೋಟುಪುಸ್ತಕದಲ್ಲಿ ಪಾನಾದ ಚಿತ್ರಗಳು ಒಂಬತ್ತು. ನಾನು ಕೆಡಿಸಿದ್ದು ಆರು. ತಪ್ಪು ಮಾಡುವವನು ದಿನಚರಿ ಬರೆಯುವುದಿಲ್ಲವಾದ್ದರಿಂದ ನನ್ನ ಬಳಿ ದಾಖಲೆ ಇಲ್ಲ. ಆದರೂ ಬೆರಳು ಮಡಚಿ ಎಷ್ಟು ಸಲ ಎಣಿಸಿದರೂ ಆರೇ. ಉಳಿದ ಮೂರರ ಪಕ್ಕ ಅವರು, 'ಕೆಳಗೆ ಬಕೆಟ್ ಇಟ್ಟಿತ್ತು' ಎಂದು ಬರೆದಿದ್ದರು. ಆ ದಿನಗಳಲ್ಲಿ ನಾನು ಫಾರ್ಮು ಕೊಡಲು ಕಾರವಾರಕ್ಕೆ ಹೋಗಿದ್ದೆನೆಂದು ನೆನಪು. ಆದರೆ ಯಾವ ವಾರ ಹೋಗಿದ್ದೆ ಎಂಬುದಕ್ಕೆ ಬನ್ಸಿನ ರುಚಿಯ ಹೊರತು ಪುರಾವೆ ಇಲ್ಲ. ಪಾಸ್ಕುವನ್ನು ಕೇಳಿದರೆ, "ನಾನು ಮಾಡಿದ್ರೆ ಗುರುತು ಬೀಳ್ತಿರ್ಲಿಲ್ಲ ಮಾರಾಯ್ರೆ" ಎಂದು ಅವಮಾನವಾದವನ ಹಾಗೆ ಎದ್ದುಹೋದ. ಡೊರೀನ್ ಅವರನ್ನು ಕೇಳುವ ಧೈರ್ಯವಾಗಲಿಲ್ಲ. ತಿಮ್ಮಕ್ಕ, "ನಂಗೆ ಪಾನಾ ಹಿಡಿಯೂಕೆ ಬರ್ತದ್ಯಾ?" ಎಂದಳು. ಉಳಿದದ್ದು ಎರಡೇ ಸಾಧ್ಯತೆ: ಒಂದು, ನನ್ನ ನೆನಪು ಕೆಟ್ಟಿದೆ. ಇನ್ನೊಂದನ್ನು ನಾನು ಒಪ್ಪುವುದಿಲ್ಲ.

ಹೆಂಡ್ರಿಕ್ ಸಾಯ್ಬರು ಆಮೇಲೆ ಎರಡು ಚಳಿಗಾಲ ಬಂದರು. ಮೂರನೆಯ ವರ್ಷ ಕಣ್ಣು ಮಂದವಾಗಿ ಗಾಡಿ ಓಡಿಸುವ ಪರವಾನಗಿ ಸಿಗಲಿಲ್ಲ. ಮಗಳು ಹಿಡಿದಿಟ್ಟ ಕೋಣೆಗೇ ಹೋದರು. ಅಲ್ಲಿಂದ ಒಂದು ಕಾಗದ ಬರೆದರು, ದಪ್ಪ ದಪ್ಪ ಅಕ್ಷರದಲ್ಲಿ: 'ಇಲ್ಲಿ ಯಾವ ನಳವೂ ಸೋರುವುದಿಲ್ಲ. ನಿನ್ನಂಥ ಕೆಟ್ಟ ಕೆಲಸಗಾರ ಇಲ್ಲಿ ಒಬ್ಬನೂ ಇಲ್ಲ. ದಿನಾ ಬೆಳಿಗ್ಗೆ ಕೇಳುತ್ತಿದ್ದೇನೆ.' ಆ ಕಾಗದವನ್ನು ತಿಮ್ಮಕ್ಕನಿಗೆ ಓದಿ ಹೇಳಿದೆ. "ಆ ಊರಿಗೆ ಟೆಂಪೋ ಇಲ್ಲವಲ್ಲ" ಎಂದಳು. ಎರಡನೆಯ ಕಾಗದ ಬರಲು ವರ್ಷವಾಯಿತು. ಅದರಲ್ಲಿ ಒಂದೇ ಸಾಲು: ಪಕ್ಕದ ಕೋಣೆಯ ತೊಂಬತ್ತರ ಅಜ್ಜಿಯ ಗಡಿಯಾರ ನಿಂತಿದೆಯಂತೆ, ಅವಳು ಯಾರಿಗೂ ಹೇಳದೆ ಇವರಿಗೆ ಹೇಳಿದ್ದಾಳಂತೆ.

ನನ್ನ ನಿವೃತ್ತಿಯಾಗಿ ಈಗ ಎರಡು ವರ್ಷ. ಸನ್ಮಾನ, ಶಾಲು, ಹೆಗಡೇರ ಮಗ ಮಾಡಿದ ಭಾಷಣ, ಅವೆಲ್ಲ ಬರೆಯುವಂಥದ್ದೇನಲ್ಲ. ಬರೆಯಬೇಕಾದ್ದು ಆಮೇಲಿನ ಮೂರು ತಿಂಗಳು. ಬೊಬ್ರುವಾಡದ ಮನೆಯಲ್ಲಿ ಬೆಳಿಗ್ಗೆ ಎಂಟಕ್ಕೆ ನನಗೆ ಗಂಟೆ ಕೇಳಿಸುತ್ತಿತ್ತು. ಎದ್ದು ಓಡಾಡುವುದು, ಕೂರುವುದು, ಮತ್ತೆ ಎದ್ದು ಓಡಾಡುವುದು. ಸುನಂದಾ ಹೇಳುವಂತೆ ಒಂದೇ ಪೇಪರನ್ನು ದಿನಕ್ಕೆ ನಾಲ್ಕು ಸಲ ಓದಿ ನಾಲ್ಕು ಸಲವೂ ಸಂಶಯ ವ್ಯಕ್ತಪಡಿಸುತ್ತಿದ್ದೆ. ಮನೆಯ ನಳಗಳನ್ನೆಲ್ಲ ಬಿಚ್ಚಿ ಕೂಡಿಸಿದೆ. ಅವೂ ಗಟ್ಟಿಯಾಗಿಬಿಟ್ಟವು. "ನಿಮ್ಮನ್ನ ಯಾರಾದ್ರೂ ಕರೆದುಕೊಂಡು ಹೋದ್ರೆ ಪುಣ್ಯ ಬರ್ತದೆ ಅವರಿಗೆ" ಎಂದು ಅವಳು ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದದ್ದು ಒಂದು ದಿನ ಕಿವಿಗೆ ಬಿತ್ತು.

ಮರುದಿನ ಬೆಳಿಗ್ಗೆ ತಿಮ್ಮಕ್ಕನ ಫೋನು.

"ಸಾಯ್ಬರೆ, ಮೂರನೇ ನಂಬರಿನ ನಳ ಸೋರ್ತದೆ. ಪಾಸ್ಕು ಊರಲ್ಲಿಲ್ಲ. ಬತ್ರ್ಯಾ?"

ಬಸ್ಸಿನಲ್ಲಿ ಹೋಗುವಾಗ ಹೆದ್ದಾರಿಯ ಬದಿ ಕಟ್ಟೆಯೊಂದರ ಮೇಲೆ ಪಾಸ್ಕು ಕೂತು ಚಹಾ ಕುಡಿಯುತ್ತಿದ್ದ. ನನ್ನನ್ನು ಕಂಡು ಬೇರೆ ಕಡೆ ನೋಡಿದ. ತೋಪಿನಲ್ಲಿ ಡೊರೀನ್ ಕೋಲೂರಿಕೊಂಡು ನಿಂತು, ಗಂಟೆ ಬಾರಿಸಿ ಮುಗಿಸಿದ್ದರು. ಎಲ್ಲರೂ ಕಣ್ಣು ಮುಚ್ಚಿ ಕೂತಿದ್ದರು. ನಾನು ಮೂರನೆಯ ನಂಬರಿಗೆ ಹೋಗಿ ಬಗ್ಗಿದೆ. ಹಿತ್ತಾಳೆಯ ಮೇಲೆ ಹೊಸ ಹಲ್ಲಿನ ಗುರುತು, ನಾಲ್ಕು, ಚಂದವಾಗಿ, ಸರಿಯಾದ ದಿಕ್ಕಿನಲ್ಲಿ. ನೀರು ಹದವಾಗಿ ತೊಟ್ಟಿಕ್ಕುತ್ತಿತ್ತು. ಕೆಳಗೆ ಒಂದು ಬಕೆಟ್ ಇಟ್ಟಿತ್ತು.

ತಿಮ್ಮಕ್ಕ ಹಿಡಿಕಡ್ಡಿ ಹಿಡಿದು ಸಮುದ್ರ ನೋಡುತ್ತಿದ್ದಳು. ತುಂಬಿದ ಬಕೆಟನ್ನು ಎತ್ತಿ ಅಬ್ಬಲಿಗೆ ಗಿಡಗಳಿಗೆ ಹೊಯ್ದು, ಮತ್ತೆ ತಂದು ಅದೇ ಜಾಗದಲ್ಲಿಟ್ಟಳು. ನಾನು ವಾಷರು ಬದಲಿಸಿದೆ. ಒಂದೇ ಸಲಕ್ಕೆ ನಿಂತಿತು.

"ತಿಮ್ಮಕ್ಕ, ಆವಾಗ ಹೆಂಡ್ರಿಕ್ ಸಾಯ್ಬರು ಇದ್ದಾಗ, ಆ ಮೂರು..."

"ಯಾವ ಮೂರು? ನಂಗೆ ಒಂದೂ ನೆನಪಿಲ್ಲ" ಎಂದಳು. "ನಾಳೆ ಐದನೇ ನಂಬರಿಂದು ಸೋರ್ತದೆ. ತಿಂಡಿ ತಿಂದ್ಕಂಡೇ ಬನ್ನಿ."